ತೇರಿನ ಮುಂದೆ ಟ್ರಾಂಬೋನ್



ಹಬ್ಬದ ಸಮಿತಿ ಸೇರಿತೆಂದರೆ ಒಂದು ಚರ್ಚೆ ತಪ್ಪುವುದಿಲ್ಲ: ಈ ಸಲ ಬ್ಯಾಂಡ್‌ಸೆಟ್ಟು ಕರೆಸುವುದೋ ಬೇಡವೋ? ಬ್ಯಾಂಡಿಲ್ಲದ ತೇರು ತೇರೇ ಅಲ್ಲ ಎಂದು ಹಿರಿಯರು ಪಟ್ಟು ಹಿಡಿಯುತ್ತಾರೆ. ಸ್ಪೀಕರು ಕಟ್ಟಿದ ಜೀಪೊಂದು ಸಾಕು, ಹಾಡು ಹಾಕಿದರಾಯಿತು, ಖರ್ಚೂ ಉಳಿಯಿತು ಎಂಬುದು ಯುವಕರ ವಾದ. ಗಾನವೃಂದದವರದು ಬೇರೆಯೇ ದೂರು: “ನಾವು ಹಾಡುವಾಗ ಅವರು ಊದುತ್ತಾರೆ ಫಾದರ್, ನಮ್ಮ ದನಿ ನಮಗೇ ಕೇಳಿಸುವುದಿಲ್ಲ.” ಕೊನೆಗೆ ಯಾರಾದರೊಬ್ಬರು ಎದ್ದು, ಈ ಹಿತ್ತಾಳೆಯ ಗದ್ದಲಕ್ಕೂ ದೇವರ ಆರಾಧನೆಗೂ ಏನು ಸಂಬಂಧ ಎಂದು ಕೇಳಿಬಿಡುತ್ತಾರೆ. ಅಷ್ಟು ಹೊತ್ತಿಗೆ ಟೀ ಬರುತ್ತದೆ. ಪ್ರಶ್ನೆ ಅಲ್ಲಿಗೇ ಉಳಿಯುತ್ತದೆ.

ಅದನ್ನು ಅಲ್ಲಿಗೇ ಬಿಡಲು ನಮಗೆ ಮನಸ್ಸಿಲ್ಲ. ಸಂಬಂಧ ಇದೆ, ಅದೂ ನಾನೂರು ವರ್ಷಗಳಿಗಿಂತ ಹಳೆಯದು. ಬ್ಯಾಂಡಿನ ವಾದ್ಯಗಳಲ್ಲೆಲ್ಲ ಟ್ರಾಂಬೋನಿಗೆ ಆ ಸಂಬಂಧ ಹೆಚ್ಚು. ಮಕ್ಕಳು ದೂರದಿಂದಲೇ ಗುರುತಿಸುವ ವಾದ್ಯ ಅದು: ಬಾಯಿಯಿಂದ ಮುಂದಕ್ಕೆ ಚಾಚಿಕೊಂಡು, ಹಿಂದಕ್ಕೂ ಮುಂದಕ್ಕೂ ಜಾರುವ ಉದ್ದನೆಯ ಕೊಳವೆ. ಕೈ ಚಾಚಲು ಜಾಗ ಬೇಕಾದ್ದರಿಂದ ಮೆರವಣಿಗೆಯಲ್ಲಿ ಅದನ್ನು ಸಾಮಾನ್ಯವಾಗಿ ಮುಂದಿನ ಸಾಲಿಗೇ ಹಾಕುತ್ತಾರೆ. ಹಿಂದೆ ನಿಲ್ಲಿಸಿದರೆ ಮುಂದಿನವನ ಬೆನ್ನಿಗೆ ತಿವಿತ ತಪ್ಪಿದ್ದಲ್ಲ. ಆ ಸುತ್ತುಗಳನ್ನೆಲ್ಲ ನೇರ ಮಾಡಿದರೆ ಸುಮಾರು 9 ಅಡಿ ಉದ್ದದ ಕೊಳವೆ. ಒತ್ತುವ ಗುಂಡಿಗಳಿಲ್ಲ. ಜಾರುಕೊಳವೆಗೆ ಏಳು ನೆಲೆಗಳಿವೆ, ಆದರೆ ಆ ನೆಲೆಗಳ ಗುರುತನ್ನು ಕೊಳವೆಯ ಮೇಲೆ ಯಾರೂ ಕೊರೆದಿಲ್ಲ. ಪಿಟೀಲಿನವರ ಬೆರಳಿನ ಹಾಗೆ ಇಲ್ಲಿ ಕಿವಿ ಹೇಳಿದ ಕಡೆ ಕೈ ನಿಲ್ಲಬೇಕು.

ದೇವಾಲಯ ಇದನ್ನು ಒಳಗೆ ಕರೆದುಕೊಂಡ ಕಾರಣವೂ ಇದೇ. 15ನೇ ಶತಮಾನದಲ್ಲಿ ಈ ವಾದ್ಯ ರೂಪುಗೊಂಡಾಗ ತುತ್ತೂರಿಗೆ ಗುಂಡಿಗಳಿರಲಿಲ್ಲ. ಅವು ಬಂದದ್ದು 19ನೇ ಶತಮಾನದಲ್ಲಿ. ಅಲ್ಲಿಯವರೆಗೆ ತುತ್ತೂರಿಗೆ ಕೆಲವೇ ಸ್ವರಗಳು ದಕ್ಕುತ್ತಿದ್ದವು. ಅರಸನ ಆಗಮನ ಸಾರಲು, ಯುದ್ಧಕ್ಕೆ ಕರೆಯಲು ಅಷ್ಟು ಸಾಕಿತ್ತು. ಕೀರ್ತನೆ ಹಾಡುವವರ ಜೊತೆಗೆ ಹೋಗಲು ಸಾಕಾಗುತ್ತಿರಲಿಲ್ಲ. ಟ್ರಾಂಬೋನ್ ಮಾತ್ರ ಮನುಷ್ಯನ ಕಂಠ ಹೋದಲ್ಲೆಲ್ಲ ಹೋಗಬಲ್ಲದಾಗಿತ್ತು. ಹಾಡುವವರ ಶ್ರುತಿ ಕೂದಲೆಳೆಯಷ್ಟು ಇಳಿದರೆ ತಾನೂ ಅಷ್ಟೇ ಇಳಿದು ಅವರನ್ನು ಸೇರಿಕೊಳ್ಳುತ್ತಿತ್ತು. ಅಂದಿನ ಟ್ರಾಂಬೋನಿನ ಬಾಯಿ ಇಂದಿನದಕ್ಕಿಂತ ಕಿರಿದು, ದನಿಯೂ ಮೆದು.

ವೆನಿಸ್ ನಗರದ ಸಂತ ಮಾರ್ಕರ ದೇವಾಲಯದಲ್ಲಿ 1568ರಿಂದ ಸಂಬಳದ ವಾದ್ಯದವರು ಇದ್ದರು. ಅಲ್ಲಿ ಆರ್ಗನ್ ನುಡಿಸುತ್ತಿದ್ದ ಜೊವಾನ್ನಿ ಗಾಬ್ರಿಯೇಲಿ 1597ರಲ್ಲಿ ಒಂದು ಸಂಗೀತ ಸಂಪುಟವನ್ನು ಅಚ್ಚು ಹಾಕಿಸಿದರು. ಅದರಲ್ಲಿನ ಒಂದು ಕೃತಿಗೆ ಆರು ಟ್ರಾಂಬೋನುಗಳು ಬೇಕು. ಎಲ್ಲಿ ಮೆಲ್ಲಗೆ, ಎಲ್ಲಿ ಗಟ್ಟಿಯಾಗಿ ನುಡಿಸಬೇಕೆಂದು ಅಚ್ಚಿನಲ್ಲೇ ಸೂಚಿಸಿದ ಮೊದಮೊದಲ ಕೃತಿಗಳಲ್ಲಿ ಅದೊಂದು. ಗದ್ದಲದ ವಾದ್ಯವೆಂದು ನಾವು ದೂರುವ ವಾದ್ಯಕ್ಕೇ ‘ಮೆಲ್ಲಗೆ’ ಎಂಬ ಸೂಚನೆ ಅಷ್ಟು ಹಿಂದೆಯೇ ಅಚ್ಚಾಗಿತ್ತೆಂಬುದನ್ನು ನಮ್ಮ ಬ್ಯಾಂಡ್ ಮಾಸ್ತರರಿಗೂ ಒಮ್ಮೆ ಹೇಳಬೇಕು.

ಆದರೆ ನಮಗೆ ಹೆಚ್ಚು ಇಷ್ಟವಾಗುವುದು ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಪ್ರಧಾನಾಲಯದ ಪದ್ಧತಿ. ಮೊಜಾರ್ಟ್ ಅಲ್ಲಿ ಕೆಲಸಕ್ಕಿದ್ದಾಗ, 1779ರಲ್ಲಿ, ಬರೆದ ಪ್ರಸಿದ್ಧ ಬಲಿಪೂಜೆಯ ಸಂಗೀತದಲ್ಲಿ ಮೂರು ಟ್ರಾಂಬೋನುಗಳಿವೆ. ಅವುಗಳಿಗೆ ಸ್ವಂತ ಪಾಲು ಬಹುಮಟ್ಟಿಗೆ ಇಲ್ಲ. ಒಂದು ಆಲ್ಟೋ ದನಿಯವರ ಜೊತೆ, ಒಂದು ಟೆನರ್ ದನಿಯವರ ಜೊತೆ, ಇನ್ನೊಂದು ಬೇಸ್ ದನಿಯವರ ಜೊತೆ, ಅವರು ಹಾಡಿದ್ದನ್ನೇ ನುಡಿಸುತ್ತಾ ಸಾಗುತ್ತದೆ. ಗಾಯಕರ ಉಸಿರು ಸೋತಲ್ಲಿ ಕೈ ಹಿಡಿಯುತ್ತದೆ, ಸ್ವರ ಜಾರಿದಲ್ಲಿ ದಾರಿ ತೋರುತ್ತದೆ. ಕೇಳುವವರಿಗೆ ಟ್ರಾಂಬೋನ್ ಇದೆಯೆಂದೇ ಎಷ್ಟೋ ವೇಳೆ ತಿಳಿಯುವುದಿಲ್ಲ. ಇವತ್ತು ಹಾಡು ತುಂಬಿ ಬಂತು ಎಂದಷ್ಟೇ ಅನ್ನಿಸುತ್ತದೆ. ನಮ್ಮಲ್ಲಿ ಇದಕ್ಕೆ ಪಕ್ಕವಾದ್ಯ ಎಂಬ ಒಳ್ಳೆಯ ಮಾತಿದೆ. ಪಿಟೀಲೂ ಹೊರಗಿನಿಂದ ಬಂದ ವಾದ್ಯವೇ. ಮದರಾಸಿನಲ್ಲಿ ಐರೋಪ್ಯರಿಂದ ಅದನ್ನು ಕಲಿತ ಬಾಲುಸ್ವಾಮಿ ದೀಕ್ಷಿತರು ಹಾಡುಗಾರಿಕೆಗೆ ಜೊತೆ ಮಾಡಿದರು. ಇಂದು ಪಿಟೀಲಿಲ್ಲದ ಕಛೇರಿಯನ್ನು ಊಹಿಸುವುದೂ ಕಷ್ಟ. ಅಂದಹಾಗೆ, ಸಾಲ್ಜ್‌ಬರ್ಗಿನಲ್ಲಿ ಪೂಜೆಗೆ ಟ್ರಾಂಬೋನ್ ಊದುತ್ತಿದ್ದವರು ಆಸ್ಥಾನದ ದೊಡ್ಡ ವಿದ್ವಾಂಸರಲ್ಲ. ಊರಿನ ಗೋಪುರದ ವಾದ್ಯದವರು. ಮದುವೆಗೂ ಮೆರವಣಿಗೆಗೂ ಊದಿ ಬದುಕುತ್ತಿದ್ದವರು. ನಮ್ಮ ಬ್ಯಾಂಡಿನವರ ಹಾಗೆಯೇ ಅನ್ನಿ.

ಹಾಗಾದರೆ ಬ್ಯಾಂಡು ಬಾಗಿಲ ಹೊರಗೆ ನಿಂತದ್ದು ಯಾವಾಗ? 19ನೇ ಶತಮಾನದಲ್ಲಿ ಇಟಲಿಯ ದೇವಾಲಯಗಳಲ್ಲಿ ನಾಟಕಶಾಲೆಯ ಸಂಗೀತವೇ ತುಂಬಿಹೋಗಿತ್ತು. ಆಪೆರಾದಲ್ಲಿ ಕೇಳಿದ ಧಾಟಿಗಳೇ ಬಲಿಪೂಜೆಯಲ್ಲೂ ಕೇಳಿಬರುತ್ತಿದ್ದವು. ಸಂತ ಹತ್ತನೇ ಪಯಸ್ ಪೋಪರಾದ ಕೆಲವೇ ತಿಂಗಳಲ್ಲಿ, 1903ರ ನವೆಂಬರ್ 22ರಂದು, ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಳ ಹಬ್ಬದ ದಿನವೇ, ಇದಕ್ಕೆ ಕಡಿವಾಣ ಹಾಕುವ ಆಜ್ಞಾಪತ್ರ ಹೊರಡಿಸಿದರು. ಪಿಯಾನೋ, ಡೋಲು, ತಾಳ ಮೊದಲಾದವು ದೇವಾಲಯದೊಳಗೆ ಬೇಡವೆಂದರು. ಬ್ಯಾಂಡು ಒಳಗೆ ಬಾರಿಸುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಿದರು. ಗುರುಮಠದಲ್ಲಿ ಓದಿದ ನಮಗೆ ಇಷ್ಟು ಚೆನ್ನಾಗಿ ನೆನಪಿರುತ್ತದೆ. ಮುಂದಿನ ಸಾಲುಗಳು ಅಷ್ಟಾಗಿ ನೆನಪಿರುವುದಿಲ್ಲ. ವಿಶೇಷ ಸಂದರ್ಭಗಳಲ್ಲಿ ಧರ್ಮಾಧ್ಯಕ್ಷರ ಒಪ್ಪಿಗೆಯಿಂದ ಕೆಲವೇ ಊದುವ ವಾದ್ಯಗಳನ್ನು, ಸ್ಥಳದ ಅಳತೆಗೆ ತಕ್ಕಂತೆ, ಗಂಭೀರವಾದ ಧಾಟಿಯಲ್ಲಿ ಬಳಸಬಹುದೆಂದು ಅದರಲ್ಲಿದೆ. ಹೊರಗಿನ ಮೆರವಣಿಗೆಗಳಲ್ಲಿ ಬ್ಯಾಂಡಿಗೆ ಅನುಮತಿ ಕೊಡಬಹುದು, ಲೌಕಿಕ ಹಾಡುಗಳನ್ನು ಮಾತ್ರ ನುಡಿಸಬಾರದು ಎಂದಿದೆ. ಅಷ್ಟೇ ಅಲ್ಲ, ಮೆರವಣಿಗೆಯಲ್ಲಿ ನಡೆಯುವ ಗಾಯಕರೂ ಭಕ್ತ ಸಂಘಗಳವರೂ ಲತೀನಿನಲ್ಲೋ ಜನರ ಭಾಷೆಯಲ್ಲೋ ಹಾಡುವ ಭಕ್ತಿಗೀತೆಗೆ ಜೊತೆ ನೀಡುವುದಷ್ಟೇ ಬ್ಯಾಂಡಿನ ಕೆಲಸವಾದರೆ ಒಳ್ಳೆಯದು ಎಂಬ ಆಶಯವೂ ಇದೆ. ಎಂದರೆ ಸಾಲ್ಜ್‌ಬರ್ಗಿನ ಟ್ರಾಂಬೋನ್ ಒಳಗೆ ಮಾಡುತ್ತಿದ್ದ ಕೆಲಸವನ್ನೇ ಬೀದಿಯಲ್ಲಿ ಮಾಡು ಎಂದಂತಾಯಿತು.

ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಪ್ರಕಟಿಸಿದ ಆರಾಧನಾ ವಿಧಿಯ ಸಂವಿಧಾನ ಬಾಗಿಲನ್ನು ಇನ್ನಷ್ಟು ತೆರೆಯಿತು. ಪೈಪ್ ಆರ್ಗನಿಗೆ ಹಿರಿಯ ಸ್ಥಾನ ಕೊಟ್ಟು, ಪವಿತ್ರ ಬಳಕೆಗೆ ಒಗ್ಗುವ, ಜನರ ಭಕ್ತಿಗೆ ನಿಜಕ್ಕೂ ನೆರವಾಗುವ ಬೇರೆ ವಾದ್ಯಗಳನ್ನೂ ಸ್ಥಳೀಯ ಅಧಿಕಾರಿಗಳ ಒಪ್ಪಿಗೆಯಿಂದ ಬಳಸಬಹುದೆಂದಿತು. ನಮ್ಮ ದೇವಾಲಯಗಳಿಗೆ ತಬಲ, ವೀಣೆ ಬಂದದ್ದು ಆ ಬಾಗಿಲಿನಿಂದಲೇ.

ಈಗ ಗಡಿ ದಾಟಿ ವಯನಾಡಿಗೆ ಹೋಗೋಣ. ಗುಂಡ್ಲುಪೇಟೆಯಿಂದ ಮುತ್ತಂಗದ ಕಾಡು ಕಳೆದರೆ ಸುಲ್ತಾನ್ ಬತ್ತೇರಿ, ಆಮೇಲೆ ಕಲ್ಪೆಟ್ಟ. ಅಲ್ಲಿಂದ ಮಾನಂದವಾಡಿಯ ಕಡೆಗೆ ಹೋಗುವಾಗ ಕಂಬಳಕ್ಕಾಡಿನ ಸಮೀಪ ಪಳ್ಳಿಕುನ್ನು. ಪಳ್ಳಿ ಎಂದರೆ ದೇವಾಲಯ, ಕುನ್ನು ಎಂದರೆ ಗುಡ್ಡ; ಹೆಸರೇ ಊರಿನ ಕಥೆ ಹೇಳುತ್ತದೆ. ಲೂರ್ದು ಮಾತೆಯ ಈ ದೇವಾಲಯ 1908ರಲ್ಲಿ ಫ್ರೆಂಚ್ ಮಿಷನರಿ ಗುರುಗಳಿಂದ ಸ್ಥಾಪನೆಯಾಯಿತು, ಎಂದರೆ ಆ ಆಜ್ಞಾಪತ್ರ ಹೊರಟ ಐದು ವರ್ಷಕ್ಕೆ. ಇದು ನಮಗೆ ಪರಕೀಯ ಸ್ಥಳವಲ್ಲ. 1923ರಲ್ಲಿ ಕಲ್ಲಿಕೋಟೆ ಧರ್ಮಕ್ಷೇತ್ರ ಹುಟ್ಟುವ ಮೊದಲು ವಯನಾಡಿನ ಲತೀನ್ ಧರ್ಮಕೇಂದ್ರಗಳು ಮೈಸೂರಿಗೆ ಸೇರಿದ್ದವು. ಮೈಸೂರಿನಲ್ಲಿ ದುಡಿದ ಫ್ರೆಂಚ್ ಗುರುಗಳ ಸಂಸ್ಥೆಯೇ ಘಟ್ಟದ ಆ ಮಗ್ಗುಲಲ್ಲೂ ದುಡಿಯಿತು. ಅದೇ ಕಲ್ಲಿಕೋಟೆ 2025ರ ಏಪ್ರಿಲಿನಲ್ಲಿ ಮಹಾಧರ್ಮಕ್ಷೇತ್ರವಾಯಿತು. ಪಳ್ಳಿಕುನ್ನಿನ ಹಬ್ಬ ಫೆಬ್ರವರಿಯಲ್ಲಿ. 1858ರಲ್ಲಿ ಲೂರ್ದಿನಲ್ಲಿ ಮಾತೆಯ ಮೊದಲ ದರ್ಶನವಾದ ಫೆಬ್ರವರಿ 11ರ ಸುತ್ತಲಿನ ದಿನಗಳಲ್ಲಿ ಗುಡ್ಡದ ತುಂಬ ಜನ. ಆದಿವಾಸಿ ಕುಟುಂಬಗಳು, ತಿರುವಾಂಕೂರಿನಿಂದ ವಲಸೆ ಬಂದವರ ಮಕ್ಕಳು ಮೊಮ್ಮಕ್ಕಳು, ಹಿಂದೂ ಬಾಂಧವರು, ಕರ್ನಾಟಕ ತಮಿಳುನಾಡುಗಳ ಯಾತ್ರಿಕರು.

ಕೇರಳದ ‘ಪೆರುನ್ನಾಳು’ಗಳನ್ನು ಕಂಡವರಿಗೆ ಗೊತ್ತು, ಅಲ್ಲಿ ಚೆಂಡೆ ಒಂದು ಕಡೆ, ಬ್ಯಾಂಡ್‌ಸೆಟ್ಟು ಇನ್ನೊಂದು ಕಡೆ. ಈ ಹಿತ್ತಾಳೆ ನಮ್ಮ ಗುಡ್ಡಗಾಡಿಗೆ ರೋಮಿನಿಂದ ಬಂದದ್ದಲ್ಲ. ಬ್ರಿಟಿಷ್ ಪಡೆಗಳ ದಂಡಿನ ಬ್ಯಾಂಡುಗಳು, ಅವನ್ನು ನೋಡಿ ಅರಸರು ಕಟ್ಟಿದ ಬ್ಯಾಂಡುಗಳು, ಅಲ್ಲಿಂದ ಮದುವೆಮನೆ, ಹಬ್ಬ: ಹೀಗೆ ಬಂತು. ಮೈಸೂರು ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡೂ ಕರ್ನಾಟಕ ಸಂಗೀತ ನುಡಿಸುವ ಬ್ಯಾಂಡೂ ಎರಡೂ ಇದ್ದವು. ದಸರೆಯಲ್ಲಿ ಕೇಳುವ ಪೊಲೀಸ್ ಬ್ಯಾಂಡು ಅವುಗಳ ಕುಡಿಯೇ. ವಾದ್ಯಗಳು ಉತ್ತರದ ಮೇರಠಿನಲ್ಲಿ ತಯಾರಾಗುತ್ತವೆ. ಅಲ್ಲಿ 1885ರಿಂದಲೂ ಹಿತ್ತಾಳೆ ಬಡಿಯುವ ಕುಟುಂಬಗಳಿವೆ, ಹೆಚ್ಚಿನವರು ಮುಸ್ಲಿಮರು. ಅವರ ಕೈಯಿಂದ ಬಂದ ಟ್ರಾಂಬೋನ್ ಮರಿಯಮ್ಮನ ತೇರಿನ ಮುಂದೆ ನಡೆಯುತ್ತದೆ. ಮರಿಯಮ್ಮ ಇದಕ್ಕೆ ಬೇಸರಪಟ್ಟಿರಲಾರರು.

ಬೇಸರಪಡುವಂಥದ್ದು ಬೇರೆ ಇದೆ. ಇತ್ತೀಚಿನ ಮೆರವಣಿಗೆಗಳಲ್ಲಿ, ವಯನಾಡಾಗಲಿ ನಮ್ಮ ಕಡೆಯಾಗಲಿ, ಜನ ಹಾಡುವುದನ್ನೇ ಬಿಟ್ಟಿದ್ದಾರೆ. ಬ್ಯಾಂಡಿನವರು ಸಿನಿಮಾ ಧಾಟಿ ಊದುತ್ತಾರೆ, ಮುಂದೆ ನಾಲ್ಕು ಹುಡುಗರು ಕುಣಿಯುತ್ತಾರೆ, ಉಳಿದವರು ಮೊಬೈಲ್ ಎತ್ತಿ ಹಿಡಿದು ನಡೆಯುತ್ತಾರೆ. ಜಪಸರದ ದನಿ ಹಿಂದಿನ ಸಾಲಿನ ಅಜ್ಜಿಯರಲ್ಲಿ ಮಾತ್ರ. ತಪ್ಪು ಬ್ಯಾಂಡಿನವರದೆಂದು ನಮಗೆ ಅನ್ನಿಸುವುದಿಲ್ಲ. ಅವರಿಗೆ ನಾವು ಕೊಟ್ಟದ್ದು ಮುಂಗಡ ಹಣ ಮತ್ತು ಹೊರಡುವ ಹೊತ್ತು; ಯಾವ ಹಾಡೆಂದು ಯಾರೂ ಹೇಳಲಿಲ್ಲ, ಸ್ವರಲಿಪಿಯನ್ನಂತೂ ಯಾರೂ ಕೊಡಲಿಲ್ಲ. ಅವರಿಗೆ ಬರುವುದನ್ನು ಅವರು ಊದಿದರು. ಬ್ಯಾಂಡು ಬಿಟ್ಟು ಜೀಪಿನ ಸ್ಪೀಕರು ತಂದರೆ ಇದು ಸರಿಹೋಗುತ್ತದೆಯೇ? ಸ್ಪೀಕರಿಗೆ ಕಿವಿಯಿಲ್ಲ. ಇಳಿಜಾರಿನಲ್ಲಿ ಹೆಜ್ಜೆ ನಿಧಾನವಾದರೆ ಅದು ನಿಧಾನವಾಗದು, ಅಜ್ಜಿಯರ ಶ್ರುತಿ ಇಳಿದರೆ ಅದು ಇಳಿಯದು. ಊದುವವನು ಮನುಷ್ಯ, ಜನರನ್ನು ನೋಡಿಕೊಂಡು ಊದಬಲ್ಲ.

2024ರ ಜುಲೈ 30ರ ಬೆಳಗಿನ ಜಾವ ಮುಂಡಕ್ಕೈ, ಚೂರಲ್ಮಲೆಗಳ ಮೇಲೆ ಗುಡ್ಡ ಕುಸಿಯಿತು. ಗುರುತು ಸಿಗದವರನ್ನು ಪುತ್ತುಮಲೆಯಲ್ಲಿ ಸಾಲಾಗಿ ಹೂಳಿದರು, ಎಲ್ಲ ಧರ್ಮದವರೂ ಪ್ರಾರ್ಥಿಸಿದರು. ಅದಾದ ಮೇಲೆ ಆ ಜಿಲ್ಲೆಯಲ್ಲಿ ಬ್ಯಾಂಡೂ ವಾದ್ಯವೂ ಸಲ್ಲದು ಎನ್ನುವವರ ಮಾತನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಸಿನಿಮಾ ಧಾಟಿ ಸಲ್ಲದೆಂಬುದು ಖಂಡಿತ. ಆದರೆ ಟ್ರಾಂಬೋನಿನ ಬಹು ಹಳೆಯ ಕೆಲಸಗಳಲ್ಲಿ ಒಂದು ಸತ್ತವರಿಗಾಗಿ ಊದುವುದೇ. ಮಗ ಅಬ್ಷಾಲೋಮನಿಗಾಗಿ ದಾವೀದನು ಅತ್ತ ಮಾತುಗಳನ್ನು ಹೈನ್ರಿಕ್ ಷ್ಯೂಟ್ಸ್ 1629ರಲ್ಲಿ ಸಂಗೀತಕ್ಕೆ ಅಳವಡಿಸಿದಾಗ ಒಬ್ಬ ಗಂಡಸಿನ ಮಂದ್ರ ದನಿಗೆ ನಾಲ್ಕು ಟ್ರಾಂಬೋನುಗಳನ್ನು ಜೊತೆಯಾಗಿ ಕೊಟ್ಟರು. ಅಮೆರಿಕದ ಬೆತ್ಲೆಹೆಮ್ ಎಂಬ ಊರಿನ ಮೊರೇವಿಯನ್ ಸಭೆಯವರು, ನಮ್ಮ ಧರ್ಮಸಭೆಯವರಲ್ಲದಿದ್ದರೂ, 1754ರಿಂದ ಸಾವಿನ ಸುದ್ದಿಯನ್ನು ಟ್ರಾಂಬೋನುಗಳಿಂದಲೇ ಸಾರುತ್ತಿದ್ದರು. ಊದಿದ ಕೀರ್ತನೆಯ ಧಾಟಿಯಿಂದಲೇ ತೀರಿಕೊಂಡವರು ಮಗುವೋ, ವಿಧವೆಯೋ, ಸಂಸಾರಸ್ಥನೋ ಎಂದು ಊರಿಗೆ ತಿಳಿಯುತ್ತಿತ್ತು. ನಮ್ಮ ಹಳ್ಳಿಗಳಲ್ಲಿ ಸಾವಿನ ಗಂಟೆ ಕೇಳಿ ಕೆಲಸ ನಿಲ್ಲಿಸಿ ನಿಲ್ಲುತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬೀಥೋವನ್ 1812ರ ಶರತ್ಕಾಲದಲ್ಲಿ ಲಿಂಟ್ಸ್ ಪಟ್ಟಣದ ತಮ್ಮನ ಮನೆಗೆ ಬಂದಿದ್ದರು. ಅಲ್ಲಿನ ಪ್ರಧಾನಾಲಯದ ಸಂಗೀತ ಮುಖ್ಯಸ್ಥ ಗ್ಲೋಗ್ಲ್ ಅವರನ್ನು ಕೇಳಿಕೊಂಡರು: ನವೆಂಬರ್ 2, ಸಕಲ ಮೃತರ ಸ್ಮರಣೆಯ ದಿನಕ್ಕೆ ನಮ್ಮೂರಿನ ಪದ್ಧತಿಯಂತೆ ಟ್ರಾಂಬೋನಿಗೆ ಏನಾದರೂ ಬರೆದುಕೊಡಿ. ಬೀಥೋವನ್ ನಾಲ್ಕು ಟ್ರಾಂಬೋನುಗಳಿಗಾಗಿ ಮೂರು ಪುಟ್ಟ ರಚನೆಗಳನ್ನು ಬರೆದುಕೊಟ್ಟರು. ನಿಧಾನ, ಮೆದು, ಪದಗಳೇ ಇಲ್ಲ. ಹದಿನೈದು ವರ್ಷಗಳ ನಂತರ, 1827ರ ಮಾರ್ಚ್ 29ರಂದು, ವಿಯೆನ್ನಾದಲ್ಲಿ ಅವರ ಶವಯಾತ್ರೆಗೆ ಅವುಗಳನ್ನೇ ಊದಿದರು. ಅದೇ ಸ್ವರಗಳಿಗೆ ಕರುಣೆ ಬೇಡುವ ಐವತ್ತೊಂದನೇ ಕೀರ್ತನೆಯ ಲತೀನ್ ಮಾತುಗಳನ್ನು ಹೊಂದಿಸಿ ಗಂಡಸರು ಹಾಡಿದರು. ಒಮ್ಮೆ ಟ್ರಾಂಬೋನ್, ಒಮ್ಮೆ ಕಂಠ. ಹೆಸರೇ ಗೊತ್ತಿಲ್ಲದ, ಯಾವ ಧರ್ಮದವರೆಂದೂ ತಿಳಿಯದ ಮೃತರ ಮುಂದೆ ಪದಗಳಿಲ್ಲದ ಇಂಥ ಸಂಗೀತ ಸಲ್ಲುತ್ತದೆ ಎಂದು ನಮ್ಮ ಅನಿಸಿಕೆ. ನವೆಂಬರ್ 2ರ ಸಂಜೆ ಸಮಾಧಿಯ ಅಂಗಳದಲ್ಲಿ ನಾಲ್ವರು ಮೆಲ್ಲಗೆ ಊದಿದರೆ ಅದಕ್ಕೆ ದೊಡ್ಡ ಖರ್ಚೇನೂ ಬಾರದು.

ಇನ್ನು ಹಬ್ಬದ ಮಾತು. ಲೂರ್ದಿನ ಮೇಣದಬತ್ತಿಯ ಮೆರವಣಿಗೆಯಲ್ಲಿ ಹಾಡುವ ಗೀತೆ ನಿಮಗೆಲ್ಲ ಗೊತ್ತು. 1873ರಲ್ಲಿ ಒಬ್ಬ ಫ್ರೆಂಚ್ ಗುರು ಅದರ ಸಾಲುಗಳನ್ನು ಬರೆದರು. ಅದರ ಪಲ್ಲವಿ ಮಾತೆಗೆ ಹೇಳುವ ನಮನ ಮಾತ್ರ. ಲತೀನಿನ ಎರಡೇ ಪದಗಳು ಮತ್ತೆ ಮತ್ತೆ ಬರುತ್ತವೆ. ಚರಣವನ್ನು ಮಲಯಾಳದವರು ಮಲಯಾಳದಲ್ಲಿ, ಕನ್ನಡದವರು ಕನ್ನಡದಲ್ಲಿ, ತಮಿಳರು ತಮಿಳಿನಲ್ಲಿ ಹಾಡಿದರೂ ಪಲ್ಲವಿಗೆ ಎಲ್ಲರೂ ಒಂದಾಗುತ್ತಾರೆ. ಪಳ್ಳಿಕುನ್ನಿನಂಥ ಗುಡ್ಡಕ್ಕೆ ಇದಕ್ಕಿಂತ ಒಗ್ಗುವ ಹಾಡು ಬೇರೆ ಸಿಗದು. ಚರಣಕ್ಕೆ ಕ್ಲಾರಿನೆಟ್ ಸಾಕು, ಪಲ್ಲವಿಗೆ ಟ್ರಾಂಬೋನ್ ಸೇರಲಿ. ಡ್ರಮ್ಮು ಹೆಜ್ಜೆಗಷ್ಟೇ.

ಗಾನವೃಂದದವರ ದೂರಿಗೂ ಮದ್ದಿದೆ. ಅವರ ಕೀಬೋರ್ಡಿನ ‘ಸಿ’ ಬೇರೆ, ಬ್ಯಾಂಡಿನ ಟ್ರಂಪೆಟ್, ಕ್ಲಾರಿನೆಟ್‌ನವರು ‘ಸಿ’ ಎನ್ನುವುದು ಬೇರೆ. ಅವರ ‘ಸಿ’ ಕೀಬೋರ್ಡಿನ ‘ಬಿ ಫ್ಲ್ಯಾಟ್’ ಆಗಿ ಕೇಳಿಸುತ್ತದೆ. ಫೋನಿನಲ್ಲಿ ‘ಸಿ ಮೇಜರ್’ ಎಂದು ಒಪ್ಪಂದವಾಗಿ, ಬೀದಿಯಲ್ಲಿ ಒಂದು ಪೂರ್ತಿ ಸ್ವರ ಎಡವಟ್ಟಾಗುವುದು ಹೀಗೆ. ಆಮೇಲೆ ಇಬ್ಬರೂ ಒಬ್ಬರಿಗಿಂತ ಒಬ್ಬರು ಗಟ್ಟಿಯಾಗಿ ನುಡಿಸಿ ಗೆಲ್ಲಲು ನೋಡುತ್ತಾರೆ. ಗಿಟಾರಿನವರಿಗೆ ಸುಲಭವಾದ ‘ಡಿ’, ‘ಎ’ ಶ್ರುತಿಗಳು ಬ್ಯಾಂಡಿನವರಿಗೆ ಕಷ್ಟ. ಕೀಬೋರ್ಡಿನ ಲೆಕ್ಕದಲ್ಲಿ ‘ಎಫ್’ ಅಥವಾ ‘ಈ ಫ್ಲ್ಯಾಟ್’ ಇಟ್ಟರೆ ಇಬ್ಬರಿಗೂ ಹಿತ; ನಡೆಯುತ್ತಾ ಹಾಡುವ ಜನರ ಕಂಠಕ್ಕೂ ಎತ್ತರವಾಗದು. ಹಬ್ಬ ಫೆಬ್ರವರಿಯಲ್ಲಿದ್ದರೆ ಜನವರಿಯ ಒಂದು ಭಾನುವಾರ ಬ್ಯಾಂಡ್ ಮಾಸ್ತರರನ್ನು ಕರೆಸಿ, ಐದೋ ಆರೋ ಹಾಡುಗಳ ಸ್ವರಲಿಪಿ ಕೈಗೆ ಕೊಟ್ಟು, ಗಾನವೃಂದದ ಜೊತೆ ಎರಡು ಗಂಟೆ ಕೂರಿಸಬೇಕು. ಆ ದಿನದ ಕೂಲಿಯನ್ನೂ ಕೊಡಬೇಕು, ಅದನ್ನು ಪುಣ್ಯದ ಲೆಕ್ಕಕ್ಕೆ ಬರೆಯಬಾರದು.

ಬಲಿಪೂಜೆಯೊಳಗೂ ಊದಿಸಬಹುದೇ ಎಂದು ಇಬ್ಬರು ಮೂವರು ಕೇಳಿದ್ದಾರೆ. ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕೇಳಿ, ಅವರು ಧರ್ಮಾಧ್ಯಕ್ಷರನ್ನು ಕೇಳಲಿ. ಒಪ್ಪಿಗೆ ಸಿಕ್ಕರೆ ಇಡೀ ಬ್ಯಾಂಡು ಬೇಡ. ಒಂದೇ ಟ್ರಾಂಬೋನ್, ಗಾನವೃಂದದ ಗಂಡಸರ ಸಾಲಿನ ಹಿಂದೆ, ಅವರು ಹಾಡುವುದನ್ನೇ ಊದುತ್ತಾ ನಿಲ್ಲಲಿ. ನಮ್ಮ ಹೆಚ್ಚಿನ ಗಾನವೃಂದಗಳಲ್ಲಿ ಗಂಡಸರ ದನಿ ಮೂರೋ ನಾಲ್ಕೋ ಇರುತ್ತದೆ, ಅದರಲ್ಲೂ ಒಬ್ಬರು ತಡವಾಗಿ ಬರುತ್ತಾರೆ.